ಸ್ಟೇಡಿಯಂ ಕೆರೆಯ ಕೆಲಸ ಮಾಡಲಿ

ಬೇಸಿಗೆ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. ನಮ್ಮ ನಲ್ಲಿಗೆ ದಿನ ಬಿಟ್ಟು ದಿನ ನೀರು, ಚಿನ್ನಸ್ವಾಮಿ ಕ್ರೀಡಾಂಗಣದ ಹುಲ್ಲಿಗೆ ಮಾತ್ರ ದಿನಾ ನೀರು. ಇದು ಯಾವ ನ್ಯಾಯ? ನಾನಿರುವ ಲಿಂಗರಾಜಪುರದಲ್ಲಂತೂ 2024ರ ಮಾರ್ಚ್ ತಿಂಗಳಲ್ಲಿ ಈ ಮಾತು ಆಡದ ಮನೆ ಇರಲಿಲ್ಲ. ಹೆಣ್ಣೂರು ರಸ್ತೆಯ ಆಚೀಚೆಯ ಓಣಿಗಳಲ್ಲಿ ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಟ್ಟಿದ್ದವು. ಟ್ಯಾಂಕರ್ ಬರುವ ಸದ್ದಿಗೆ ಜನ ಕಿವಿಗೊಟ್ಟು ಕೂರುತ್ತಿದ್ದರು. ವಾಲ್ವ್ ತಿರುಗಿಸಲು ಬರುತ್ತಿದ್ದ ಹುಡುಗನನ್ನು ನಮ್ಮ ಬೀದಿಯ ಹಿರಿಯರೊಬ್ಬರು ನಿಲ್ಲಿಸಿ ಕೇಳಿದ್ದು ಇನ್ನೂ ನೆನಪಿದೆ: "ಅಲ್ಲಪ್ಪಾ, ನಮ್ಮ ಬಿಂದಿಗೆ ನೀರಿಗೆ ಇಷ್ಟೊಂದು ಲೆಕ್ಕ ಇದೆ. ಅಲ್ಲಿ ಹುಲ್ಲಿಗೆ ಬಿಡೋ ನೀರಿಗೆ ಯಾರಪ್ಪಾ ಲೆಕ್ಕ ಇಟ್ಟಿದ್ದಾರೆ?"

ಆ ಮಾತಿನಲ್ಲಿ ಸಿಟ್ಟಿತ್ತು, ಸಿಟ್ಟಿಗೆ ತಕ್ಕ ಕಾರಣವೂ ಇತ್ತು. ಅದಕ್ಕೇ ಲೆಕ್ಕವನ್ನೇ ಹಿಡಿದು ನೋಡೋಣ ಎಂದು ಹೊರಟೆ. ನೋಡುತ್ತಾ ಹೋದಂತೆ, ಕ್ರೀಡಾಂಗಣ ಎಷ್ಟು ನೀರು ಕುಡಿಯುತ್ತದೆ ಎಂಬ ಪ್ರಶ್ನೆಯ ಹಿಂದೆ ಅದಕ್ಕಿಂತ ದೊಡ್ಡದೊಂದು ಪ್ರಶ್ನೆ ನಿಂತಿರುವುದು ಕಂಡಿತು. ಆಕಾಶದಿಂದ ತನ್ನ ಮೇಲೆ ಬೀಳುವ ನೀರನ್ನು ಅದು ಏನು ಮಾಡುತ್ತದೆ? ದೊಡ್ಡ ಕ್ರೀಡಾಂಗಣವೊಂದು ಪರಿಸರಸ್ನೇಹಿ ಹೌದೋ ಅಲ್ಲವೋ ಎಂದು ತೀರ್ಮಾನಿಸಲು, ಬೆಂಗಳೂರಿನಂಥ ಊರಿನಲ್ಲಿ, ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಾಣುತ್ತಿಲ್ಲ.

ಮೊದಲು 2024ರಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ. ಆ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕಾರು ತೊಳೆಯಲು, ಕೈತೋಟಕ್ಕೆ, ಕಾರಂಜಿಗೆ ಬಳಸಬಾರದೆಂದು ಆದೇಶಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಸಾರಿತು. ಅದೇ ತಿಂಗಳು ಐಪಿಎಲ್ ಶುರುವಾಗುವುದಿತ್ತು. ಮೈದಾನಕ್ಕೆ ದಿನಕ್ಕೆ ಬೇಕಿದ್ದದ್ದು ಸುಮಾರು 75,000 ಲೀಟರ್. ಆ ನೀರನ್ನು ಕಾವೇರಿಯ ಕೊಳವೆಯಿಂದ ಕೊಡದೆ, ಪಕ್ಕದ ಕಬ್ಬನ್ ಪಾರ್ಕಿನ ಶುದ್ಧೀಕರಣ ಘಟಕದಲ್ಲಿ ಸಂಸ್ಕರಿಸಿದ ಕೊಳಚೆ ನೀರನ್ನು ಕೊಡಲು ಮಂಡಳಿ ಒಪ್ಪಿತು. ಹಸಿರು ನ್ಯಾಯಮಂಡಳಿಯೂ ಈ ವಿಷಯವನ್ನು ಕೈಗೆತ್ತಿಕೊಂಡು ವರದಿ ಕೇಳಿತು. ಅಂದರೆ ಹುಲ್ಲಿನ ನೀರಿಗೂ ಲೆಕ್ಕ ಕೇಳುವವರು ಹುಟ್ಟಿಕೊಂಡರು. ಇದು ಒಳ್ಳೆಯ ಬೆಳವಣಿಗೆ ಎಂದೇ ನನ್ನ ಭಾವನೆ. ಸಂಸ್ಕರಿಸಿದ ನೀರು ಎಂದಕೂಡಲೇ ಮೂಗು ಮುರಿಯಬೇಕಿಲ್ಲ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ನಮ್ಮ ಬಚ್ಚಲಿನ ನೀರು ಇನ್ನೊಂದು ಜಿಲ್ಲೆಯ ಕೆರೆ ತುಂಬಬಹುದಾದರೆ, ಕೂಗಳತೆಯ ದೂರದಲ್ಲಿರುವ ಹುಲ್ಲಿಗೆ ಏಕಾಗಬಾರದು?

ಕಾವೇರಿ ನೀರನ್ನು ಹುಲ್ಲಿಗೆ ಸುರಿಯುವುದು ಏಕೆ ತಪ್ಪು ಎಂಬುದಕ್ಕೆ ಇನ್ನೊಂದು ಕಾರಣವಿದೆ. ಅದು ಕರೆಂಟಿನ ಲೆಕ್ಕ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಮೂರು ಹಂತಗಳಲ್ಲಿ ಪಂಪು ಮಾಡಿ, ಸುಮಾರು 100 ಕಿಲೋಮೀಟರ್ ದೂರ ಸಾಗಿಸಿ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿದ ಮೇಲೆಯೇ ಆ ನೀರು ನಮ್ಮ ಸಂಪಿಗೆ ಬೀಳುವುದು. ಸಾವಿರ ಲೀಟರ್ ನೀರನ್ನು ಅಷ್ಟು ಮೇಲಕ್ಕೆತ್ತಲು ಶಾಲೆಯ ಭೌತಶಾಸ್ತ್ರದ ಲೆಕ್ಕದಲ್ಲೇ 1.4 ಯೂನಿಟ್ ವಿದ್ಯುತ್ ಬೇಕು. ಪಂಪಿನ, ಕೊಳವೆಯ ನಷ್ಟವನ್ನೂ ಸೇರಿಸಿದರೆ ಸುಮಾರು 2 ಯೂನಿಟ್. ಮೈದಾನದ ಒಂದು ದಿನದ ನೀರಿಗೆ 150 ಯೂನಿಟ್ ಎಂದಾಯಿತು. ನೀರು ಉಳಿಸುವುದು, ವಿದ್ಯುತ್ ಉಳಿಸುವುದು ಬೇರೆ ಬೇರೆ ಕೆಲಸಗಳೆಂದು ನಾವು ತಿಳಿದಿದ್ದೇವೆ. ಬೆಂಗಳೂರಿನ ಮಟ್ಟಿಗೆ ಎರಡೂ ಒಂದೇ.

ಬರಗಾಲ ಮತ್ತು ಕ್ರಿಕೆಟ್ಟಿನ ಜಗಳ ನಮ್ಮಲ್ಲಿ ಮೊದಲು ಹುಟ್ಟಿದ್ದೇನಲ್ಲ. 2016ರಲ್ಲಿ ಮಹಾರಾಷ್ಟ್ರದ ಲಾತೂರಿಗೆ ರೈಲಿನಲ್ಲಿ ನೀರು ಸಾಗಿಸುವಂಥ ಸ್ಥಿತಿ ಬಂದಾಗ, ಏಪ್ರಿಲ್ 30ರ ನಂತರದ ಐಪಿಎಲ್ ಪಂದ್ಯಗಳನ್ನು ಆ ರಾಜ್ಯದಿಂದ ಹೊರಗೆ ಒಯ್ಯಿರಿ ಎಂದು ಬಾಂಬೆ ಹೈಕೋರ್ಟ್ ಆದೇಶಿಸಿತು. ಮುಂಬೈಯಲ್ಲಿ ನಡೆಯಬೇಕಿದ್ದ ಫೈನಲ್ ಬಂದದ್ದು ಎಲ್ಲಿಗೆ? ನಮ್ಮ ಚಿನ್ನಸ್ವಾಮಿಗೇ. ಮೇ 29ರ ಆ ರಾತ್ರಿ ಆರ್‌ಸಿಬಿ 8 ರನ್ನುಗಳಿಂದ ಸೋತದ್ದು ಊರಿಗೆಲ್ಲ ನೆನಪಿದೆ. ಬೇರೊಂದು ರಾಜ್ಯದ ಬರ ಆ ಪಂದ್ಯವನ್ನು ನಮ್ಮಲ್ಲಿಗೆ ತಂದಿತ್ತು ಎಂಬುದನ್ನು ಮರೆತಿದ್ದೇವೆ. ಎಂಟೇ ವರ್ಷಗಳಲ್ಲಿ ಅದೇ ಪ್ರಶ್ನೆ ನಮ್ಮ ಬಾಗಿಲಿಗೂ ಬಂತು. ನೀರಿನ ಕೊರತೆ ಒಂದು ಊರಿನ ಸ್ವತ್ತಲ್ಲ. ಪಂದ್ಯವನ್ನು ಇನ್ನೊಂದು ಊರಿಗೆ ಸಾಗಿಸುವುದು ಶಾಶ್ವತ ಪರಿಹಾರವೂ ಅಲ್ಲ.

ಈಗ ಮಳೆಯ ವಿಷಯಕ್ಕೆ ಬರುತ್ತೇನೆ. 2015ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಇಲ್ಲಿ ಟೆಸ್ಟ್ ಆಡಲು ಬಂದಿತ್ತು. ಎ.ಬಿ. ಡಿವಿಲಿಯರ್ಸ್ ಅವರ ನೂರನೇ ಟೆಸ್ಟ್. ಮೊದಲ ದಿನ ಬಿಟ್ಟರೆ ಉಳಿದ ನಾಲ್ಕೂ ದಿನ ಒಂದು ಎಸೆತವೂ ಬೀಳಲಿಲ್ಲ. ಆ ಮುಜುಗರದ ನಂತರ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಔಟ್‌ಫೀಲ್ಡನ್ನೆಲ್ಲ ಅಗೆದು, ಮರಳಿನ ಪದರ ಹಾಸಿ, ಅದರಡಿ ರಂಧ್ರವಿರುವ ಕೊಳವೆಗಳ ಜಾಲ ಹೂತು, ಗಾಳಿಯನ್ನು ಹೀರಿ ನೀರನ್ನು ಕೆಳಕ್ಕೆ ಸೆಳೆಯುವ ಸಬ್‌ಏರ್ ಎಂಬ ಅಮೆರಿಕದ ಯಂತ್ರವ್ಯವಸ್ಥೆ ಅಳವಡಿಸಿತು. 2017ರ ಜನವರಿಯಲ್ಲಿ ಅದು ಕೆಲಸ ಶುರುಮಾಡಿತು. ಕ್ರಿಕೆಟ್ ಮೈದಾನವೊಂದರಲ್ಲಿ ಇಂಥದ್ದು ಬಂದದ್ದು ಜಗತ್ತಿನಲ್ಲಿ ಅದೇ ಮೊದಲು. ಸಾಮಾನ್ಯವಾಗಿ ನೀರು ತಾನಾಗಿ ಇಳಿಯುವುದಕ್ಕಿಂತ 36 ಪಟ್ಟು ವೇಗದಲ್ಲಿ, ನಿಮಿಷಕ್ಕೆ 10,000 ಲೀಟರ್‌ವರೆಗೆ ನೀರನ್ನು ಅದು ಹೊರಹಾಕಬಲ್ಲದು ಎಂದು ಆಗ ಹೇಳಲಾಗಿತ್ತು. ಮಳೆ ನಿಂತ ಸ್ವಲ್ಪ ಹೊತ್ತಿಗೆ ಆಟಗಾರರು ಮೈದಾನಕ್ಕಿಳಿಯುವುದನ್ನು ಸ್ಟ್ಯಾಂಡಿನಲ್ಲಿ ಕುಳಿತು ನೋಡಿ ನಾನೂ ಚಪ್ಪಾಳೆ ತಟ್ಟಿದ್ದೇನೆ. ಎಂಜಿನಿಯರಿಂಗ್ ಆಗಿ ಅದು ನಿಜಕ್ಕೂ ಸೊಗಸಾದ ಕೆಲಸ.

ಆದರೆ ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಬೇಸಿಗೆಯಲ್ಲಿ ಮೈದಾನಕ್ಕೆ ದಿನಕ್ಕೆ ಬೇಕಾದದ್ದು 75,000 ಲೀಟರ್. ಮಳೆ ಬಂದಾಗ ಅದೇ ಮೈದಾನ ನಿಮಿಷಕ್ಕೆ 10,000 ಲೀಟರ್ ಹೊರಹಾಕಬಲ್ಲದು. ಏಪ್ರಿಲ್‌ನಲ್ಲಿ ಒಂದು ಇಡೀ ದಿನ ಬೇಕಾಗುವ ನೀರನ್ನು ಅಕ್ಟೋಬರಿನಲ್ಲಿ ಏಳೂವರೆ ನಿಮಿಷದಲ್ಲಿ ಸಾಗಹಾಕುವ ಶಕ್ತಿ ಅದಕ್ಕಿದೆ. ಅದರ ಮೇಲೆ ಇನ್ನೊಂದು ತೊಡಕು. ಮರಳು ಜಾಸ್ತಿಯಿರುವ ನೆಲ ಜರಡಿಯಂತೆ. ನೀರನ್ನು ಬೇಗ ಇಳಿಸುತ್ತದೆ, ಬೇಗ ಒಣಗುತ್ತದೆ. ಹಾಗಾಗಿ ಬಿಸಿಲುಕಾಲದಲ್ಲಿ ಅಂಥ ಹುಲ್ಲಿಗೆ ಪದೇ ಪದೇ ನೀರು ಹಾಯಿಸಬೇಕು. ಮಳೆಯಿಂದ ಪಂದ್ಯವನ್ನು ಉಳಿಸಲು ಮಾಡಿಕೊಂಡ ಏರ್ಪಾಡು ಬೇಸಿಗೆಯ ಬಾಯಾರಿಕೆಯನ್ನು ಹೆಚ್ಚಿಸುತ್ತದೆ. ಹೀಗೆ ಹೀರಿದ ನೀರು ತೊಟ್ಟಿಗೆ ಹೋದರೆ ಆ ಯಂತ್ರ ವರ. ಚರಂಡಿಗೆ ಹೋದಷ್ಟೂ ನಷ್ಟ.

2024ರ ಅಕ್ಟೋಬರ್ 16ರಂದು ನಡೆದ ಎರಡು ಸಂಗತಿಗಳು ಈ ಊರಿನ ನೀರಿನ ಕಥೆಯನ್ನು ಒಂದೇ ದಿನದಲ್ಲಿ ಹೇಳುತ್ತವೆ. ಅಂದು ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ತರುವ ಯೋಜನೆ. ಅದೇ ದಿನ ಚಿನ್ನಸ್ವಾಮಿಯಲ್ಲಿ ನ್ಯೂಜಿಲೆಂಡ್ ವಿರುದ್ಧದ ಟೆಸ್ಟಿನ ಮೊದಲ ದಿನದಾಟ ಮಳೆಗೆ ಪೂರ್ತಿ ಕೊಚ್ಚಿಹೋಯಿತು. ನೂರು ಕಿಲೋಮೀಟರ್ ಆಚೆಯಿಂದ ನೀರು ತರಲು ಗುಂಡಿ ಒತ್ತಿದ ದಿನವೇ, ಊರ ನಡುವೆ ಸುರಿದ ನೀರನ್ನು ತೊಲಗಿಸುವುದು ಹೇಗೆಂದು ಯೋಚಿಸುತ್ತಿದ್ದೆವು. ಮರುವರ್ಷ ಮೇ 17ರಂದು ಆರ್‌ಸಿಬಿ-ಕೋಲ್ಕತ್ತ ಪಂದ್ಯ ಮಳೆಯಿಂದ ರದ್ದಾಯಿತು. ಎರಡು ದಿನ ಕಳೆಯುವುದರೊಳಗೆ ನಮ್ಮ ಕಡೆಯ ಹೊರಮಾವಿನ ಸಾಯಿ ಲೇಔಟ್ ನೀರಿನಲ್ಲಿ ನಿಂತಿತ್ತು. ಬೆಂಗಳೂರಿಗೆ ಮಳೆಯ ಬರವಿಲ್ಲ, ಬಿದ್ದ ಮಳೆಗೆ ನಿಲ್ಲಲು ಜಾಗದ ಬರವಿದೆ.

ಎಷ್ಟು ಮಳೆ ಎಂದು ಕೇಳಬಹುದು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಚಿನ್ನಸ್ವಾಮಿ ಕ್ರೀಡಾಂಗಣದ ಆವರಣ ಸುಮಾರು 17 ಎಕರೆ, ಅಂದರೆ ಹತ್ತಿರ ಹತ್ತಿರ 69,000 ಚದರ ಮೀಟರ್. ಗುಣಿಸಿದರೆ ವರ್ಷಕ್ಕೆ ಆರೂವರೆ ಕೋಟಿ ಲೀಟರಿಗೂ ಹೆಚ್ಚು! ಆವಿಯಾಗಿ, ಇಂಗಿ, ಮೊದಲ ಮಳೆಯ ಕೊಳೆಯೊಂದಿಗೆ ಕೊಚ್ಚಿಹೋಗಿ ಅರ್ಧ ಕಳೆದುಹೋಯಿತೆಂದೇ ಇಟ್ಟುಕೊಳ್ಳಿ. ಉಳಿದದ್ದು ದಿನಕ್ಕೆ 75,000 ಲೀಟರಿನಂತೆ ಒಂದು ವರ್ಷಕ್ಕೂ ಮೀರಿ ಸಾಕು. ತನ್ನ ಹುಲ್ಲಿಗೆ ಬೇಕಾದ ನೀರನ್ನು ಈ ಕ್ರೀಡಾಂಗಣ ತನ್ನ ನೆತ್ತಿಯ ಮೇಲಿನ ಆಕಾಶದಿಂದಲೇ ಪಡೆಯಬಲ್ಲದು.

ತೊಡಕಿರುವುದು ಕಾಲದ್ದು. ಮಳೆ ಹೆಚ್ಚಾಗಿ ಬರುವುದು ಮೇ ತಿಂಗಳಿಂದ ಅಕ್ಟೋಬರಿನವರೆಗೆ, ನೀರು ಬೇಕಾಗುವುದು ಮಾರ್ಚ್-ಏಪ್ರಿಲ್‌ನಲ್ಲಿ. ಹಾಗಾಗಿ ಕೂಡಿಡಲು ಜಾಗ ಬೇಕು. ಇದನ್ನು ಮಾಡಿ ತೋರಿಸಿದವರಿದ್ದಾರೆ. ಟೋಕಿಯೊದ ರ‍್ಯೋಗೊಕುವಿನಲ್ಲಿ 1985ರಲ್ಲಿ ತೆರೆದ ಸುಮೋ ಕುಸ್ತಿಯ ಕ್ರೀಡಾಂಗಣ ತನ್ನ ಮಾಡಿನ ಮೇಲೆ ಬಿದ್ದ ಮಳೆಯನ್ನು ನೆಲಮಾಳಿಗೆಯ 10 ಲಕ್ಷ ಲೀಟರಿನ ತೊಟ್ಟಿಯಲ್ಲಿ ಹಿಡಿದು ಶೌಚಾಲಯಗಳಿಗೆ ಬಳಸುತ್ತದೆ. ಅಮೆರಿಕದ ಅಟ್ಲಾಂಟಾದಲ್ಲಿ 2017ರಲ್ಲಿ ತೆರೆದ ಮರ್ಸಿಡಿಸ್-ಬೆಂಜ್ ಸ್ಟೇಡಿಯಂ ಸುಮಾರು 75 ಲಕ್ಷ ಲೀಟರ್ ಮಳೆನೀರನ್ನು ತಡೆದಿಟ್ಟುಕೊಳ್ಳಬಲ್ಲದು. ಪಕ್ಕದ ತಗ್ಗಿನ ಬಡಾವಣೆ ಮಳೆಗೆ ಮುಳುಗದಿರಲಿ ಎಂಬುದೂ ಅದರ ಉದ್ದೇಶ. ಆ 75 ಲಕ್ಷ ಲೀಟರ್ ನಮ್ಮ ಮೈದಾನದ 100 ದಿನಗಳ ನೀರು, ಒಂದು ಇಡೀ ಬೇಸಿಗೆಯ ಖರ್ಚು. ಅಷ್ಟನ್ನು ಹಿಡಿಯಲು 50 ಮೀಟರ್ ಉದ್ದ, 50 ಮೀಟರ್ ಅಗಲ, 3 ಮೀಟರ್ ಆಳದ ತೊಟ್ಟಿ ಸಾಕು. 17 ಎಕರೆಯ ನೆಲದಡಿ ಅದಕ್ಕೆ ಜಾಗವಿಲ್ಲ ಎಂದರೆ ನಾನಂತೂ ಒಪ್ಪಲಾರೆ. ಮಾಡಿನ ನೀರು ಸ್ವಚ್ಛವಾಗಿರುವುದರಿಂದ ಸೋಸಿ ಶೌಚಾಲಯ, ಕೈ ತೊಳೆಯುವ ಕಡೆಗಳಿಗೆ ಬಿಡಬಹುದು. ಮೈದಾನದಡಿ ಹೀರಿದ ನೀರಿನಲ್ಲಿ ಗೊಬ್ಬರದ ಅಂಶವಿರುತ್ತದೆ. ಅದನ್ನು ಮತ್ತೆ ಹುಲ್ಲಿಗೇ ಕೊಟ್ಟರೆ ಗೊಬ್ಬರವೂ ಉಳಿಯಿತು. ಎರಡಕ್ಕೂ ಬೇರೆ ಬೇರೆ ತೊಟ್ಟಿ ಇರಬೇಕು, ಅಷ್ಟೆ.

ತೊಟ್ಟಿ ತುಂಬಿ ಮಿಕ್ಕಿದ್ದನ್ನು ಏನು ಮಾಡುವುದು ಎಂಬುದಕ್ಕೆ ಉತ್ತರ ಹುಡುಕಿ ಟೋಕಿಯೊಗೆ ಹೋಗಬೇಕಿಲ್ಲ, ರಸ್ತೆ ದಾಟಿದರೆ ಸಾಕು. ಕಬ್ಬನ್ ಪಾರ್ಕಿನಲ್ಲಿ ಕಸ ತುಂಬಿ ಮರೆತುಹೋಗಿದ್ದ ಏಳು ಹಳೆಯ ಬಾವಿಗಳನ್ನು ಹೂಳೆತ್ತಿ ಸರಿಪಡಿಸಿ, ಹತ್ತಾರು ಇಂಗುಬಾವಿಗಳನ್ನು ಹೊಸದಾಗಿ ತೋಡಲಾಯಿತು. ಬಾವಿ ತೋಡುವ ಕಸುಬನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಮಣ್ಣು ವಡ್ಡರ ಸಮುದಾಯದವರ ಕೈಕೆಲಸ ಅದು. ಒಂದು ಕಾಲಕ್ಕೆ ಒಣಗಿದ್ದ ಬಾವಿಗಳಲ್ಲಿ ನೀರು ಕಾಣಿಸಿಕೊಂಡಿತು, ಆ ನೀರು ಪಾರ್ಕಿನ ಗಿಡಮರಗಳಿಗೆ ಒದಗಿತು. ಅದೇ ಜನ, ಅದೇ ವಿದ್ಯೆ ಪಕ್ಕದ ಆವರಣದೊಳಗೂ ಕೆಲಸ ಮಾಡಬಹುದು. ನೆಲದಡಿ ಇಂಗಿದ ನೀರಿಗೆ ಕಾಂಪೌಂಡು ಗೋಡೆ ಗೊತ್ತಿಲ್ಲ. ಸುತ್ತಲಿನ ಬಾವಿ, ಬೋರ್‌ವೆಲ್‌ಗಳಿಗೂ ಅದು ಸೇರುತ್ತದೆ.

ಕ್ರೀಡಾಂಗಣಗಳ ಮೇಲೆ ಈ ಜವಾಬ್ದಾರಿಯನ್ನು ನಾನು ಒತ್ತಿ ಹೇಳುವುದಕ್ಕೆ ನಮ್ಮ ಊರಿನ ಚರಿತ್ರೆಯೇ ಕಾರಣ. ಬೆಂಗಳೂರಿನ ಆಟದ ಅಂಗಳಗಳಲ್ಲಿ ಎಷ್ಟೋ ಹಳೆಯ ಕೆರೆಗಳ ಎದೆಯ ಮೇಲೆ ಎದ್ದವು. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಕರಗದ ಆಚರಣೆಗೆಂದು ಉಳಿದಿರುವ ಪುಟ್ಟ ಕೊಳವೊಂದೇ ಆ ಕೆರೆಯ ಗುರುತು. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ಶೂಲೆ ಕೆರೆಯ ಜಾಗದಲ್ಲಿದೆ, ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿದೆ. ಕೋರಮಂಗಲದ ರಾಷ್ಟ್ರೀಯ ಕ್ರೀಡಾಕೂಟದ ವಸತಿ ಸಂಕೀರ್ಣ ಕೂಡ ಕೆರೆಯೊಂದನ್ನು ನುಂಗಿಯೇ ಬಂದದ್ದು. ಆಡಬೇಕಾದ್ದೇ, ಆಡಲು ಜಾಗ ಬೇಕಾದ್ದೇ. ಆ ಜಾಗಗಳನ್ನು ಇಂದು ಕೆಡವಿ ಮತ್ತೆ ಕೆರೆ ತೋಡಿ ಎಂದು ನಾನು ಹೇಳುವುದಿಲ್ಲ. ಆದರೆ ಕೆರೆಗಳು ಮಾಡುತ್ತಿದ್ದ ಕೆಲಸ ಹಾಗೇ ಉಳಿದಿದೆ. ಸುರಿದ ಮಳೆಯನ್ನು ತಡೆಯುವುದು, ಇಂಗಿಸುವುದು, ಬೇಸಿಗೆಗೆ ಕಾಯ್ದಿಡುವುದು ಆ ಕೆಲಸ. ನಗರದ ನಡುವೆ ಇಷ್ಟು ವಿಶಾಲವಾಗಿ, ಒಬ್ಬರದೇ ಉಸ್ತುವಾರಿಯಲ್ಲಿ ಉಳಿದಿರುವ ಕೆಲವೇ ಬಯಲುಗಳಲ್ಲಿ ಕ್ರೀಡಾಂಗಣಗಳೂ ಸೇರಿವೆ. ಆ ಕೆಲಸವನ್ನು ಅವು ವಹಿಸಿಕೊಳ್ಳಬೇಕು.

ಚಿನ್ನಸ್ವಾಮಿ ಈವರೆಗೆ ಏನೂ ಮಾಡಿಲ್ಲ ಎಂದರೆ ಅನ್ಯಾಯವಾದೀತು. 2015ರಲ್ಲೇ ಸ್ಟ್ಯಾಂಡುಗಳ ಮಾಡಿನ ಮೇಲೆ 400 ಕಿಲೋವ್ಯಾಟ್ ಸೌರಫಲಕಗಳು ಬಂದವು. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆಂದರೆ, ಪಂದ್ಯವಿರಲಿ ಬಿಡಲಿ, ದಿನವೂ 1,600 ಯೂನಿಟ್ ಆಗುತ್ತದೆ. ಉಳಿದದ್ದು ಬೆಸ್ಕಾಂ ಜಾಲಕ್ಕೆ ಸೇರುತ್ತದೆ. ಮಳೆನೀರು ಕೊಯ್ಲು, ನೀರಿನ ಮರುಬಳಕೆಗಳೂ ಕ್ರಿಕೆಟ್ ಸಂಸ್ಥೆಯ ಹಸಿರು ಯೋಜನೆಯ ಭಾಗವಾಗಿವೆ. ಆರ್‌ಸಿಬಿ 2011ರಿಂದ ಬಹುತೇಕ ಪ್ರತಿ ವರ್ಷ ಒಂದು ಪಂದ್ಯವನ್ನು ಹಸಿರು ಜೆರ್ಸಿ ತೊಟ್ಟು ಆಡುತ್ತಿದೆ, ಇಟ್ಟಗಲ್‌ಪುರ, ಸಾದೇನಹಳ್ಳಿ ಕೆರೆಗಳ ಪುನಶ್ಚೇತನಕ್ಕೂ ಕೈಹಾಕಿದೆ. ಇವೆಲ್ಲ ಮೆಚ್ಚಬೇಕಾದವು. ಹಸಿರು ಜೆರ್ಸಿ ವರ್ಷಕ್ಕೊಂದು ದಿನದ್ದು. ತೊಟ್ಟಿ, ಇಂಗುಬಾವಿ ವರ್ಷದ ಅಷ್ಟೂ ದಿನ ದುಡಿಯುತ್ತವೆ. ನನ್ನ ಒಲವು ಎರಡನೆಯದರ ಕಡೆಗೆ.

ಪ್ರೇಕ್ಷಕರಾದ ನಮ್ಮ ಪಾಲೂ ಇದೆ. ದೊಡ್ಡ ಕ್ರೀಡಾಕೂಟಗಳ ಇಂಗಾಲದ ಲೆಕ್ಕದಲ್ಲಿ ಸಿಂಹಪಾಲು ಪ್ರಯಾಣದ್ದು. 2018ರ ರಷ್ಯಾ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಅದು ಮುಕ್ಕಾಲು ಪಾಲಿನಷ್ಟಿತ್ತು. ಲಿಂಗರಾಜಪುರದಿಂದ ನಾನು ಪಂದ್ಯಕ್ಕೆ ಹೋಗುವುದು ಶಿವಾಜಿನಗರದವರೆಗೆ ಬಸ್ಸಿನಲ್ಲಿ, ಅಲ್ಲಿಂದ ನಡೆದು. ಇಂದಿರಾನಗರ, ಹಲಸೂರು, ಕೆ.ಆರ್. ಪುರದವರಿಗೆ ಮೆಟ್ರೊ ಇದೆ; ಕಬ್ಬನ್ ಪಾರ್ಕ್ ನಿಲ್ದಾಣದಿಂದ ಗೇಟು ಕಾಣುವಷ್ಟು ಹತ್ತಿರ. ಊರ ನಡುವಿನ ಕ್ರೀಡಾಂಗಣದ ದೊಡ್ಡ ಪುಣ್ಯವೇ ಇದು. ಹಾಗೆಯೇ ಕಸ. ನಾವು ಸೀಟಿನಡಿ ಬಿಟ್ಟು ಬರುವ ತಟ್ಟೆ ಬಾಟಲಿಗಳು ಯಾವುದೋ ಹಳ್ಳಿಯ ಪಾಲಾಗುತ್ತವೆ. ಬೆಂಗಳೂರು ಪೂರ್ವ ತಾಲ್ಲೂಕಿನ ಮಂಡೂರಿನ ಜನ ವರ್ಷಗಟ್ಟಲೆ ನಮ್ಮ ಕಸದ ನಾತ ಕುಡಿದು, ಹೋರಾಡಿ, 2014ರ ಕೊನೆಗೆ ಆ ಲಾರಿಗಳನ್ನು ನಿಲ್ಲಿಸಿದರು. ಅವರನ್ನು ನೆನೆದಾದರೂ ತಂದದ್ದನ್ನು ಸರಿಯಾದ ಡಬ್ಬಿಗೆ ಹಾಕಿ ಬರೋಣ.

ಇನ್ನು ಹೊಸ ಕ್ರೀಡಾಂಗಣದ ಮಾತು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜೀವಗಳು ಹೋದವು. ಅದಾದ ಮೇಲೆ ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಆಸನಗಳ ಹೊಸ ಕ್ರೀಡಾಂಗಣದ ಪ್ರಸ್ತಾಪವನ್ನು ಸರ್ಕಾರ ಮುಂದಿಟ್ಟಿತು. ಜನರ ಸುರಕ್ಷತೆಯೇ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಹೊಸದನ್ನು ಕಟ್ಟುವುದೇ ಆದರೆ ಅದರ ನಕ್ಷೆಯಲ್ಲಿ ಗ್ಯಾಲರಿಗಿಂತ ಮೊದಲು ಮಳೆಯ ದಾರಿಯನ್ನು ಗುರುತಿಸಬೇಕು: ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ರಾಜಕಾಲುವೆಗೆ ಸೇರುತ್ತದೆ. ಜನ ಬಸ್ಸು, ಮೆಟ್ರೊಗಳಲ್ಲಿ ಬಂದು ಸುರಕ್ಷಿತವಾಗಿ ಮರಳುವ ದಾರಿಯೂ ಅದೇ ನಕ್ಷೆಯಲ್ಲಿರಬೇಕು. ಕಟ್ಟಿದ ಮೇಲೆ ಅಗೆಯುವುದು ದುಬಾರಿ ಎಂಬುದನ್ನು ಚಿನ್ನಸ್ವಾಮಿಯ ಔಟ್‌ಫೀಲ್ಡೇ ಕಲಿಸಿದೆ.

2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಲಾಯಿತು. ಲಿಂಗರಾಜಪುರದಲ್ಲಿ 30×40 ಅಡಿಯ ನಿವೇಶನದಲ್ಲಿ ಹೊಸ ಮನೆ ಕಟ್ಟುವವರು ಕೂಡ ತಾರಸಿಯ ನೀರಿಗೆ ಲೆಕ್ಕ ಕೊಡಬೇಕು. 1,200 ಚದರ ಅಡಿಯವರನ್ನು ಕೇಳುವ ಊರು 17 ಎಕರೆಯವರನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು. ನನ್ನ ಬೇಡಿಕೆ ಸಣ್ಣದು. ಪ್ರತಿ ದೊಡ್ಡ ಕ್ರೀಡಾಂಗಣದ ಮುಖ್ಯ ಗೇಟಿನ ಬಳಿ ಒಂದು ಫಲಕವಿರಲಿ. ಈ ವರ್ಷ ಇಲ್ಲಿ ಬಿದ್ದ ಮಳೆ ಎಷ್ಟು, ಹಿಡಿದದ್ದೆಷ್ಟು, ಇಂಗಿಸಿದ್ದೆಷ್ಟು, ಹೊರಗಿನಿಂದ ತಂದದ್ದೆಷ್ಟು ಎಂಬ ನಾಲ್ಕು ಅಂಕಿಗಳು ಅದರ ಮೇಲಿರಲಿ. ರನ್ನು, ಓವರು, ವಿಕೆಟ್ಟುಗಳ ಲೆಕ್ಕವನ್ನು ಬಾಯಿಪಾಠ ಇಟ್ಟುಕೊಂಡಿರುವ ನಮ್ಮ ಜನಕ್ಕೆ ಆ ನಾಲ್ಕು ಅಂಕಿಗಳನ್ನು ಓದಿ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ನಾಲ್ಕನೆಯ ಅಂಕಿ ಸೊನ್ನೆಗೆ ಇಳಿಯುವವರೆಗೆ ಪ್ರತಿ ವರ್ಷ ಅದನ್ನು ಕೇಳುತ್ತಲೇ ಇರೋಣ.